ಕೊನೆಯ ಹೆಸರಿನ ಖಾನೆ

ತಲ್ಖಾ, ಮನ್ಸೂರಾದ ಎದುರು ದಡ
14 ಅಕ್ಟೋಬರ್ 2018

ಪ್ರೀತಿಯ ಮಗಳು ನಗ್ಲಾಳಿಗೆ ಅಪ್ಪನ ತುಂಬು ಆಶೀರ್ವಾದಗಳು.

ಜಪಾನಿನಲ್ಲಿ ಹೇಗಿದ್ದೀಯ? ಕೆಮ್ಮು ಹೋಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಪ್ರಯೋಗಾಲಯದಲ್ಲೇ ಕೂತು ಮರೆಯುತ್ತೀಯೋ ಎಂದು ನಿನ್ನ ಅಮ್ಮನಿಗೆ ಒಂದೇ ಚಿಂತೆ. ಉಪ್ಪಿನಲ್ಲಿ ಹಾಕಿಟ್ಟ ನಿಂಬೆಹಣ್ಣು ಕಳಿಸುತ್ತಿದ್ದಾಳೆ. ನಿನ್ನ ಜೊತೆ ಕೆಲಸ ಮಾಡುವ ಡಾಕ್ಟರ್ ಸುಹೈರ್ ಇವತ್ತು ಅಲ್ಲಿಗೇ ಹೊರಟಿದ್ದಾಳಲ್ಲ, ಅವಳ ಕೈಯಲ್ಲೇ ಈ ಪತ್ರವನ್ನೂ ಕೊಡುತ್ತೇನೆ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತದೆ.

ನೀನು ಕಳಿಸಿದ ಲೇಖನಗಳ ಪಟ್ಟಿ ನೋಡಿದೆ. ಮೂವತ್ತೊಂದು! ಕಾಲುವೆ ನೀರಿನ ಹುಳು ಮನುಷ್ಯನ ಪಿತ್ತಜನಕಾಂಗವನ್ನು ಹೇಗೆ ಹಾಳುಮಾಡುತ್ತದೆ ಎಂದು ಬರೆದೆಯಲ್ಲ, ಆ ಮೊದಲ ಲೇಖನವೊಂದನ್ನೇ ಬೇರೆ ವಿದ್ವಾಂಸರು ನಾನೂರ ಹನ್ನೆರಡು ಕಡೆ ಉಲ್ಲೇಖಿಸಿದ್ದಾರೆ. ಬ್ರೆಜಿಲಿನವರು, ಚೀನಾದವರು, ಎಲ್ಲರೂ 'ಮೆತ್ವಲ್ಲಿ' ಎಂದೇ ಬರೆದಿದ್ದಾರೆ, ನನ್ನ ಹೆಸರು! ಹಾಳೆ ಹಿಡಿದುಕೊಂಡು ನೇರ ಕಾಫಿ ಅಂಗಡಿಗೆ ಹೋದೆ. ಕ್ಷೌರದ ಶಾಬಾನ್ ಸುಮ್ಮನಿರುತ್ತಾನೆಯೇ? "ಏನಯ್ಯಾ ನಗ್ಲಾ ಅಪ್ಪಾ, ನಾನೂರು ಜನ ನಿನ್ನ ಹೆಸರು ಬರ್ಕೊಂಡಿದಾರೆ ಅಂದ್ರೆ ಏನೋ ಘನಂದಾರಿ ಕೆಲಸಾನೇ ಮಾಡಿರ್ತೀಯ. ಪೊಲೀಸ್ರಿಗೆ ಗೊತ್ತಾ?" ಎಂದ. ಎಲ್ಲರೂ ನಕ್ಕರು. ನಗಲಿ ಬಿಡು, ಅಷ್ಟೂ ಜನಕ್ಕೆ ಚಹಾ ಕುಡಿಸಿ ಬಂದೆ. ಮನೆಯಲ್ಲಿ ನಿನ್ನ ಅಮ್ಮ, "ಕಣ್ಣು ಕೆಡಿಸ್ಕೊಂಡೋಳು ಮಗಳು, ಮೀಸೆ ತಿರುವ್ತಿರೋರು ಇವ್ರು" ಎಂದು ಚುಚ್ಚಿದಳು. ಅವಳ ಕಣ್ಣಲ್ಲೂ ನೀರಿತ್ತು.

ಈಗ ಇಲ್ಲಿನ ನಿನ್ನ ವಿಶ್ವವಿದ್ಯಾಲಯದ ಆ ಬಡ್ತಿ ಸಮಿತಿಯ ವಿಷಯ. ನಿನ್ನ ಮೊದಲ ಆರು ಲೇಖನಗಳು ಮೆತ್ವಲ್ಲಿ ಎಂದು ನನ್ನ ಹೆಸರಿನಲ್ಲಿವೆ, ಆಮೇಲಿನ ಇಪ್ಪತ್ತೈದು ದಸೂಕಿ ಎಂದು ನಿನ್ನ ಅಜ್ಜನ ಹೆಸರಿನಲ್ಲಿ. ಎಣಿಸುವ ಯಂತ್ರದ ಪಾಲಿಗೆ ಇವರು ಇಬ್ಬರು ಬೇರೆ ಬೇರೆ ಹೆಂಗಸರು. ತಿಂಗಳೊಳಗೆ ಎಲ್ಲವನ್ನೂ ಒಂದೇ ಹೆಸರಿಗೆ ಸೇರಿಸದಿದ್ದರೆ ಪ್ರೊಫೆಸರ್ ಹುದ್ದೆ ಕೈತಪ್ಪುತ್ತದೆ. ಇಬ್ಬರೂ ನೀನೇ ಎಂದು ನಾನು ಪ್ರಮಾಣಪತ್ರ ಬರೆದುಕೊಡಬೇಕು. ನಮಗೆ ಮನೆತನದ ಹೆಸರು ಎಲ್ಲಿಂದ ಬರಬೇಕು ಹೇಳು. ಮೊದಲು ನಮ್ಮ ಹೆಸರು, ಆಮೇಲೆ ಅಪ್ಪನದು, ಅಜ್ಜನದು, ಮುಗಿಯಿತು. ಪರದೇಶದ ಪತ್ರಿಕೆಯವರಿಗೆ ಕೊನೆಯದು ಮಾತ್ರ ಬೇಕು. ನಿನ್ನ ಮೊದಲ ಲೇಖನದ ಅರ್ಜಿ ತುಂಬಿದವನು ನಾನೇ. ನೀರಾವರಿ ಕಚೇರಿಯ ಟೈಪಿಸ್ಟ್ ಎಂಬ ಜಂಬ ಬೇರೆ. 'ನಗ್ಲಾ ಮೆತ್ವಲ್ಲಿ' ಎಂದು ಅಲ್ಲಿಗೇ ನಿಲ್ಲಿಸಿದೆ. ನೀನು ಕೇಳಿದಾಗ ಖಾನೆಯಲ್ಲಿ ಜಾಗ ಸಾಲಲಿಲ್ಲ ಎಂದೆ. ನೀನು ಮುಂದೆ ಪಾಸ್‌ಪೋರ್ಟ್ ನೋಡಿಕೊಂಡು ದಸೂಕಿ ಎಂದು ಬರೆಯತೊಡಗಿದೆ.

ಮೊನ್ನೆ ನೀನು, "ಅಪ್ಪಾ, ಹೆಚ್ಚು ಹೆಸರಾಗಿರೋದು ನಿಮ್ಮ ಹೆಸರಲ್ಲಿರೋ ಲೇಖನಾನೇ, ಎಲ್ಲಾನೂ ನಿಮ್ಮ ಹೆಸರಿಗೇ ಸೇರಿಸ್ತೀನಿ. ಓದಿಸಿದ್ದು ನೀವೇ ತಾನೆ?" ಎಂದು ಬರೆದೆ. ಮೂರು ಸಲ ಓದಿದೆ. ಇಂಥ ಮಗಳನ್ನು ಪಡೆದೆನಲ್ಲ ಎಂದು ಎದೆಯುಬ್ಬಿತು.

ಸ್ವೆಟರ್ ಹಾಕಿಕೋ. ನಿನ್ನನ್ನು ಕರೆದು ಆದರಿಸಿದ ಅಲ್ಲಿನ ಗುರುಗಳಿಗೆ ನನ್ನ ಸಲಾಮು ತಿಳಿಸು. ದೇವರು ನಿನ್ನ ಕಣ್ಣಿಗೂ ಕೈಗೂ ಬಲ ಕೊಡಲಿ.

ನಿನ್ನ ಅಪ್ಪ,
ಮೆತ್ವಲ್ಲಿ ದಸೂಕಿ

ಇನ್ನೊಂದು ಮಾತು: ಸುಹೈರ್ ಬಾಗಿಲಲ್ಲಿ ಕಾಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಪ್ರಮಾಣಪತ್ರವನ್ನು ಬೆಳಿಗ್ಗೆಯೇ ಸಮಿತಿಗೆ ಕೊಟ್ಟು ಬಂದೆ, ಪ್ರತಿ ಇದರೊಳಗಿದೆ. ಎಲ್ಲವನ್ನೂ ದಸೂಕಿ ಹೆಸರಿಗೇ ಸೇರಿಸಿ, ತಪ್ಪು ನನ್ನದು ಎಂದು ಟೈಪ್ ಮಾಡಿದ್ದೇನೆ. ಸಿಟ್ಟಾಗಬೇಡ. ಖಾನೆಯಲ್ಲಿ ಜಾಗವಿತ್ತು ಮಗಳೇ. ನಿನ್ನ ಅಜ್ಜ ಸೊಂಟದುದ್ದ ನೀರಿನಲ್ಲಿ ನಿಂತು ಕಾಲುವೆಯ ಹೂಳೆತ್ತುವ ಕೂಲಿಯಾಗಿದ್ದರು, ಅವರ ಹೆಸರು ಬರೆಯಲು ನನಗೆ ನಾಚಿಕೆಯಾಯಿತು. ಯಾವುದೋ ಹಳೆಯ ಕಾಯಿಲೆಯಿಂದ ಹೋದರು ಎಂದಷ್ಟೇ ನಿನಗೆ ಹೇಳಿದ್ದೆ. ಹೊಟ್ಟೆಯುಬ್ಬಿ, ರಕ್ತ ಕಾರಿ ಸತ್ತರು. ಅವರನ್ನು ತಿಂದದ್ದು ನಿನ್ನ ಆ ಹುಳುವೇ. ಇನ್ನು ಮುಂದೆ ಲೋಕದಲ್ಲಿ ಯಾರೇ ಅದರ ಬಗ್ಗೆ ಬರೆಯಲಿ, ಮೊದಲು ಅವರ ಹೆಸರು ಬರೆಯಲಿ.