ಪೇರಲ ಗಿಡದ ಜಾಮೀನು

ಜನವರಿ 11, ಬೆಳಿಗ್ಗೆ

…ತಂಗಿ, ಗಿಡ ಹೂ ಬಿಡೋದು "ಬರೋ ವರ್ಷ" ಅಂದಿದ್ದಳೋ, "ಈ ಸಲ" ಅಂದಿದ್ದಳೋ. ಮಾಳಿಗೆಯ ಮೇಲಿನ ಪೇರಲ ಗಿಡದ ಡ್ರಮ್ಮಿಗೆ ನೀರು ಹಾಕುವಾಗ ನೆನಪಾಗಲಿಲ್ಲ.

ನಾವು ಚಿಕ್ಕವರಿದ್ದಾಗ ತೆಕ್ಕಲಕೋಟೆಯ ನಮ್ಮ ಹೊಲದ ಪೇರಲ ಕಾಯಿ ಬಿಡುತ್ತಿರಲಿಲ್ಲ. ಒಂದು ಅಮಾವಾಸ್ಯೆ ಬೆಳಿಗ್ಗೆ ಅಪ್ಪ ಕೊಡಲಿ ಎತ್ತಿದ. ಗಿಡವನ್ನು ಹೆದರಿಸಿ ಕಾಯಿ ಬಿಡಿಸುವ ಶಾಸ್ತ್ರ. ಒಬ್ಬರು ಕಡಿಯುತ್ತೇನೆ ಅನ್ನಬೇಕು, ಇನ್ನೊಬ್ಬರು ಬೇಡ ಅನ್ನಬೇಕು.

"ನೀರು ಕುಡೀತಿ, ಗೊಬ್ಬರ ತಿಂತಿ. ಒಂದು ಕಾಯಿಲ್ಲ. ಇವತ್ತು ಕಡಿತೀನಿ ನೋಡು!"

ತಂಗಿ ನೀಲಾವತಿ ಓಡಿ ಬಂದು ಕಾಂಡ ತಬ್ಬಿಕೊಂಡಳು. "ಬ್ಯಾಡಪ್ಪೋ! ಬಿಡತೈತಿ. ನಾ ಜಾಮೀನು ಅದೀನಿ!"

"ಜಾಮೀನಿಗೆ ಏನ ಇಡ್ತಿ ಲೇ?"

"ನನ್ನ ಬಳಿ." ಕೈಯ ಬಳೆ ಮುಂದೆ ಹಿಡಿದಳು.

ಅಪ್ಪ ನಕ್ಕ. ಅವಳ ಅಳು ಮಾತ್ರ ನಿಜ. ಅದು ಆಟ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆ ವರ್ಷ ಕಾಯಿ ಬಿಟ್ಟಿತು. ಆ ಗಿಡದ ಬೀಜದ ಸಸಿಯೇ ಈ ಡ್ರಮ್ಮಿನದು. ನೀಲಾ ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದುಕೊಟ್ಟದ್ದು. ತಂದು ಆರು ವರ್ಷ. ಹೂವಿಲ್ಲ.

ಜನವರಿ 19

ನೀಲಾಳನ್ನು ಗಂಡನ ಊರು ಕುರುಗೋಡಿನಿಂದ ಇಲ್ಲಿಯ ಆಸ್ಪತ್ರೆಗೆ ತಂದಿದ್ದಾರೆ. ಲಿವರ್. ಕಣ್ಣು ಹಳದಿ. ಆದರೂ ಮೊದಲ ಮಾತು:

"ಗಿಡ ಹೂ ಬಿಟ್ಟೈತೇನಣ್ಣ?"

"ಇಲ್ಲ."

"ಕೊಡ್ಲಿ ತೋರಿಸಬೇಕು. ಒಬ್ಬನ ಹೋಗಬ್ಯಾಡ ಮತ್ತ, ಖರೇನ ಕಡದುಬಿಟ್ಟಿ! ನಾ ಬರತೀನಿ, ಬ್ಯಾಡ ಅನ್ನಾಕ."

ಫೆಬ್ರವರಿ 2

ಇನ್ನು ಮಾಡುವುದೇನೂ ಇಲ್ಲ, ಡಾಕ್ಟರ್ ಅಂದರು. ಅವಳ ಗಂಡ ಪ್ರಭುಲಿಂಗ ಗೋಡೆ ನೋಡುತ್ತಿದ್ದ. ಅವಳು ಬೇಡ ಅನ್ನುತ್ತಾಳೆ, ಹಟ ಹಿಡಿಯುತ್ತಾಳೆ ಎಂದುಕೊಂಡೆ.

"ಸಾಕು. ಮನಿಗೆ ಹೋಗಾಣ," ಅಂದಳು.

ಕಾರಿನಲ್ಲಿ ಕುರುಗೋಡಿನವರೆಗೂ ಅವಳ ತಲೆ ನನ್ನ ತೊಡೆಯ ಮೇಲೆ.

ಮಾರ್ಚ್ 9

ನೀಲಾ ಇಲ್ಲ. ಕಾರ್ಯವೆಲ್ಲ ಮುಗಿಸಿ ನಿನ್ನೆ ಸತ್ಯನಾರಾಯಣಪೇಟೆಯ ನನ್ನ ಬಾಡಿಗೆ ಮನೆಗೆ ಬಂದೆ.

ಗಿಡ ಹಸಿರಾಗಿಯೇ ಇತ್ತು. ಕೆಳಗಿನ ಮನೆಯ ಓನರ್ ಚನ್ನಬಸಮ್ಮ ನೀರು ಹಾಕಿದ್ದಾರೆ.

"ನಾನ ಹಾಕೀನ್ರಿ ಸರ, ಜೀವ ತಡೀಲಿಲ್ಲ. ಆದ್ರ ಮಾಳಿಗಿ ಸೋರಾಕತ್ತೈತ್ರಿ. ಕಾಯಿಲ್ಲ, ಹಣ್ಣಿಲ್ಲ, ಯಾಕ ಸಾಕ್ತೀರಿ? ಅಮಾಸಿ ಕಳೀಲಿ, ತಗಸಿಬಿಡ್ತೀನಿ."

ಹೂಂ ಅಂದೆ. ಅದೂ ಒಂದು ಉತ್ತರ.

ಮಾರ್ಚ್ 18, ಅಮಾವಾಸ್ಯೆ

ಗಿಡ ತೆಗೆಯಲು ನಾಳೆ ಆಳು ಬರುತ್ತಾನೆ.

ಬೆಳಿಗ್ಗೆ ಕೊಡಲಿ ಹಿಡಿದು ಮಾಳಿಗೆ ಹತ್ತಿದೆ. ಎತ್ತಿದೆ. ಅಪ್ಪನ ಮಾತನ್ನೇ ಆಡಿದೆ — ನೀರು ಕುಡೀತಿ, ಗೊಬ್ಬರ ತಿಂತಿ. ದನಿ ನನ್ನದಲ್ಲ ಅನ್ನಿಸಿತು.

ಆಮೇಲೆ ಕಾದೆ.

ಕೆಳಗೆ ಆಟೋ ಹೋಯಿತು. ಯಾರದೋ ಕುಕ್ಕರ್ ಕೂಗಿತು. ತೋಳು ನೋಯತೊಡಗಿತು. ಸುಮ್ಮನೆ ಇಳಿಸುವ ಹಾಗಿಲ್ಲ. ಒಬ್ಬರು ಬೇಡ ಅಂದ ಮೇಲೆಯೇ ಇಳಿಸಬೇಕು. ಎರಡೂ ಮಾತು ಒಬ್ಬನೇ ಆಡಿದರೆ ಗಿಡ ನಂಬುವುದಿಲ್ಲ…

ನೀಲಾ, ಬರತೀನಿ ಅಂದಿದ್ದೆಯಲ್ಲ. ಈಗ ಇದಕ್ಕೆ ಜಾಮೀನು ಯಾರು?