ಪರದೇಶಿ ವಾಕ್ಯ

ಇಳಕಲ್ಲು
ಫೆಬ್ರವರಿ ೩೦, ೨೨೩೧

ಇದನ್ನು ಓದುವ ಹಿಂದಿನವರಿಗೆ,

ನಿಮ್ಮ ಪಂಚಾಂಗದಲ್ಲಿ ಈ ತಾರೀಖು ಇಲ್ಲ, ನಮ್ಮದರಲ್ಲಿ ಇದೆ. ಅದರ ಕಾರಣ ಹೇಳಲು ಕೂತರೆ ಹಾಳೆ ಮುಗಿದುಹೋಗುತ್ತದೆ. ಹಿಂದಂಚೆಗೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಗೆ, ಒಬ್ಬರಿಗೆ ಜೀವಮಾನದಲ್ಲಿ ಒಂದೇ ಹಾಳೆ. ನನ್ನ ವಾಕ್ಯಗಳು ನಿಮಗೆ ಒರಟಾಗಿ, ಮೈಮೇಲೆ ಅಂಗಿಯಿಲ್ಲದೆ ಬಂದವರಂತೆ ಕಂಡರೆ ಕ್ಷಮಿಸಿ. ಈ ಐವತ್ತೆರಡರ ವಯಸ್ಸಿನಲ್ಲಿ ನಾನು ಬೇರಿಲ್ಲದೆ ಬರೆಯುತ್ತಿರುವುದು ಇದೇ ಮೊದಲು.

ಬೇರು ಎಂದರೆ ಆಧಾರ. ಇಲ್ಲಿ ಯಾರು ಏನು ಬರೆದರೂ, ಆ ವಾಕ್ಯಕ್ಕಿಂತ ನೂರು ವರ್ಷವಾದರೂ ಹಳೆಯದಾದ ಇನ್ನೊಂದು ವಾಕ್ಯವನ್ನು ಬೇರಾಗಿ ತೋರಿಸಬೇಕು. ಇದ್ದದ್ದನ್ನು ಇದ್ದ ಹಾಗೆ ಎತ್ತಿದರೆ ಅದು ಅಚ್ಚು. ಉದ್ಧರಣ ಚಿಹ್ನೆಯೊಳಗೆ ಕೂರುತ್ತದೆ. ಅರ್ಥವನ್ನಷ್ಟೇ ಎತ್ತಿದರೆ ನೆರಳು. ಮೂಲವನ್ನು ನೋಡದೆ ಇನ್ನೊಬ್ಬರು ಎತ್ತಿದ್ದನ್ನು ಎತ್ತಿದರೆ ಕೈದಾಟು. ಅದಕ್ಕೆ ನಡುವಿನ ಕೈಗಳ ಹೆಸರನ್ನೆಲ್ಲ ಬರೆಯಬೇಕು. ಬೇರು ಸಿಗದ್ದು ಪರದೇಶಿ. ಅದನ್ನು ಅಳಿಸುತ್ತಾರೆ. ನಿಮ್ಮ ಕಾಲದಲ್ಲಿ ಯಾರದೋ ಭಾವಚಿತ್ರದ ಕೆಳಗೆ ಯಾರದೋ ಮಾತು ಹಾಕಿ ಬೆಳಗಾದರೆ ಎಲ್ಲರಿಗೂ ಹಂಚುತ್ತಿದ್ದಿರಂತೆ. ಸತ್ತವರ ಬಾಯಲ್ಲಿ ಅವರಾಡದ ಮಾತು ತುರುಕುವುದನ್ನು ನಿಲ್ಲಿಸಲೆಂದೇ ಈ ಕಾಯಿದೆ ಬಂತು.

ಈಗ ಬದನೆಕಾಯಿ ಮಾರುವವಳ ಹಲಗೆಗೂ ಮೂರು ಅಡಿಟಿಪ್ಪಣಿ. ನೆಗಡಿಯೆಂದು ರಜೆಚೀಟಿ ಬರೆಯುವವನು ಎಂದೋ ಯಾರಿಗೋ ಆಗಿದ್ದ ನೆಗಡಿಯನ್ನು ಉಲ್ಲೇಖಿಸುತ್ತಾನೆ. ಮದುವೆ ಕಾಗದದಲ್ಲಿ ಮದುಮಕ್ಕಳ ಹೆಸರಿಗಿಂತ ಆಕರಗಳ ಪಟ್ಟಿ ಉದ್ದ. ಪುಟಸಂಖ್ಯೆ ತಪ್ಪಿದೆಯೆಂದು ನಮ್ಮ ಓಣಿಯ ಹುಡುಗಿಯೊಬ್ಬಳು ಪ್ರೇಮಪತ್ರವನ್ನು ವಾಪಸು ಕಳಿಸಿದಳು. ಹುಡುಗ ತಿದ್ದಿ ಮತ್ತೆ ಕೊಟ್ಟ. ಏನನ್ನು ಓದಲು ಕೂತರೂ ನನ್ನ ಮೂಗಿಗೆ ಬಡಿಯುವುದು ಪಂಕ್ತಿ ಎದ್ದುಹೋದ ಮೇಲಿನ ಎಲೆಗಳ ವಾಸನೆ. ಊರಿಗೆ ಊರೇ ಎಂಜಲು ಉಣ್ಣುತ್ತಿದೆ. ಬಡಿಸುವವನು ನಾನು. ಇಪ್ಪತ್ತೆಂಟು ವರ್ಷದಿಂದ ಈ ಊರಿನ ಬೇರುಗಾರ. ಜನರ ಮಾತುಗಳಿಗೆ ಆಧಾರ ಹುಡುಕಿ ಹಚ್ಚುವುದು ನನ್ನ ನೌಕರಿ.

ಹೋದ ತಿಂಗಳು ನಮ್ಮವ್ವ ಸಾತವ್ವ ತೀರಿಕೊಂಡಳು. ಮಧ್ಯಾಹ್ನ ಉಂಡು ನಾನು ಕಚೇರಿಗೆ ಹೊರಟಿದ್ದೆ. ಹಾಸಿಗೆಯಿಂದಲೇ ಕರೆದಳು.

“ಗುರುಬಸ್ಯಾ, ಹೋಗೂಮುಂದ ಕಿಡಕ್ಯಾಗ ಒಂದು ರೊಟ್ಟಿ ಇಟ್ಟು ಹೋಗಪಾ. ಗಾಳಿ ಉಪಾಸ ಐತಿ.”

ಬೇರೆ ಯಾವ ಮಗನಾದರೂ ರೊಟ್ಟಿ ತರಲು ಒಳಗೆ ಹೋಗುತ್ತಿದ್ದ. ನಾನು ಕೇಳಿದೆ: “ಇದನ್ನ ಯಾರು ಹೇಳ್ಯಾರವ್ವಾ?”

“ನಾ ಹೇಳೀನಲ್ಲೋ, ಖೋಡಿ. ನಾ ಮಂದ್ಯಾಗ ಬರಂಗಿಲ್ಲೇನು?”

ನಕ್ಕಳು, ಕೆಮ್ಮಿದಳು. ನಾನು ಬಾಗಿಲಿಗೆ ಒರಗಿ, ಹಳೆಯ ವಾಕ್ಯಗಳೆಲ್ಲ ಇರುವ ಅಂಗೈಯ ಸೂಚಿಯಲ್ಲಿ ಹುಡುಕತೊಡಗಿದೆ. ಗಾಳಿಗೆ ಲಕ್ಷಾಂತರ ಬೇರುಗಳಿದ್ದವು, ಉಪವಾಸಕ್ಕೂ ಇದ್ದವು. ಎರಡೂ ಒಂದೇ ವಾಕ್ಯದಲ್ಲಿ ಎಲ್ಲಿಯೂ ಇರಲಿಲ್ಲ. “ಸಿಗವಲ್ತವ್ವಾ” ಎಂದು ತಲೆಯೆತ್ತಿದಾಗ ಉಸಿರು ನಿಂತಿತ್ತು. ಕಿಟಕಿ ಖಾಲಿಯಿತ್ತು.

ನಮ್ಮಲ್ಲಿ ಸತ್ತವರ ಕೊನೆಯ ಮಾತನ್ನು ಕೆಂಪು ಕಲ್ಲಿನಲ್ಲಿ ಕೊರೆದು ಓಣಿಯ ಬಾಯಿಗೆ ನಿಲ್ಲಿಸುತ್ತಾರೆ. ಅವಳ ಮಾತು ಬರೆದು ಕೊಟ್ಟೆ. ನನ್ನ ಮೇಲಧಿಕಾರಿ ಮೆಹಬೂಬಿ ಚೀಟಿ ನೋಡಿ ಮರುಗಿದಳು, ಕೆಟ್ಟವಳಲ್ಲ. “ಪರದೇಶಿ ಐತಿ, ಗುರುಬಸಣ್ಣ. ಹತ್ತಿರದ ಮಾತೊಂದು ನೋಡಿ ಹಚ್ಚಿಬಿಡು. ಊರ ಮಂದಿಗೆಲ್ಲಾ ನೀನ ಹಚ್ಚಿಲ್ಲೇನು?” ಎಂದಳು. ಹಚ್ಚಿದ್ದೆ. ಅವರೆಲ್ಲ ಸಾಯುವಾಗ ನಿಜವಾಗಿ ಏನಂದಿದ್ದರೋ ಈಗ ಒಂದೂ ನೆನಪಿಗೆ ಬರುವುದಿಲ್ಲ. ಇದಕ್ಕೂ ಕೈ ತಾನಾಗಿ ಹಚ್ಚಿತು. “ಬಾಳೊಂದು ನಿಲ್ದಾಣ, ಹತ್ತುವವರು ಹತ್ತುತ್ತಾರೆ, ಇಳಿಯುವವರು ಇಳಿಯುತ್ತಾರೆ.” ಅಚ್ಚು. ಬೇರು: ನಿಮ್ಮ ಕಾಲದ ಮಂತ್ರಿಯೊಬ್ಬರು ಬಸ್ ನಿಲ್ದಾಣ ಉದ್ಘಾಟಿಸಿ ಮಾಡಿದ ಭಾಷಣ. ನಮ್ಮವ್ವನಿಗೆ ಬಸ್ಸು ಕಂಡರೆ ವಾಂತಿ ಬರುತ್ತಿತ್ತು. ಸಹಿ ಹಾಕಿ ಮನೆಗೆ ಬಂದು ನಾನೂ ವಾಂತಿ ಮಾಡಿಕೊಂಡೆ.

ಕಲ್ಲಿಗೆ ಉಳಿ ಬೀಳಲು ಇನ್ನು ಒಂಬತ್ತು ದಿನ ಇವೆ. ಅಷ್ಟರೊಳಗೆ ಬೇರು ತೋರಿಸಿದರೆ ಅವಳ ಮಾತನ್ನೇ ಕೊರೆಯುತ್ತಾರೆ. ಆದ್ದರಿಂದ ನನ್ನ ಒಂದೇ ಹಾಳೆಯನ್ನು ನಿಮಗೆ ಬರೆಯುತ್ತಿದ್ದೇನೆ. ನೀವು ಬದುಕಿರುವಾಗ ಆ ಮಾತನ್ನು ಎಲ್ಲಾದರೂ ಬರೆದಿಡಿ. ಕಿರಾಣಿ ಚೀಟಿಯ ಬೆನ್ನಿಗಾದರೂ ಸರಿ, ಗ್ರಂಥಾಲಯದ ಪುಸ್ತಕದ ಅಂಚಿನಲ್ಲಾದರೂ ಸರಿ. ಚಂದ ಮಾಡಲು ಹೋಗಬೇಡಿ. ಗಾಳಿ ಅಂದರೆ ಏನರ್ಥ ಎಂದು ವಿವರಿಸಬೇಡಿ, ಅವಳು ವಿವರಿಸಲಿಲ್ಲ. ನಿಮ್ಮ ಹೆಸರನ್ನಂತೂ ಹಾಕಲೇಬೇಡಿ; ಹಾಕಿದರೆ ಇಲ್ಲಿ ಆ ಮಾತು ನಿಮ್ಮದಾಗಿ, ಅವಳು ನಿಮ್ಮಿಂದ ಎತ್ತಿದವಳಾಗುತ್ತಾಳೆ. ಕೆಳಗೆ ಸಾತವ್ವ ಎಂದು ಬರೆಯಿರಿ. ಇನ್ನೂ ಹುಟ್ಟಿಲ್ಲ ಎಂದೂ ಬರೆಯಿರಿ.

ಇದೂ ಕಳ್ಳ ಬೇರೇ ಎಂದು ನನಗೆ ಗೊತ್ತು. ಬೇಡುವುದಕ್ಕೂ ಹೇಸಿಗೆಯಾಗುತ್ತದೆ, ಬೇಡುತ್ತಿದ್ದೇನೆ. ದಿನಾ ಮಧ್ಯಾಹ್ನ ಸೂಚಿ ತೆರೆದು ನೋಡುತ್ತೇನೆ. ನೀವು ಬರೆದಿಡುವವರಾದರೆ ಆ ಮಾತು ಈಗಾಗಲೇ ಅದರಲ್ಲಿರಬೇಕು. ಇವತ್ತಿನವರೆಗೆ ಬಂದಿಲ್ಲ.

ಕಿಟಕಿಯಲ್ಲಿ ರೊಟ್ಟಿ ಇಡುತ್ತಿದ್ದೇನೆ. ನಿನ್ನೆ ಪಕ್ಕದ ಮನೆಯವರು ಇಣುಕಿ, ಇದಕ್ಕೆ ಆಧಾರ ಏನು ಎಂದು ಕೇಳಿದರು. ನಮ್ಮವ್ವ ಹೇಳ್ಯಾಳ, ಅಂದೆ.

ಗುರುಬಸು