ದೋಣಿಗೆ ಹಾಲೆರೆದ ಸೊಸೆ

ಸೂಡಿ
ಬುಧವಾರ, ೧೩ ನವೆಂಬರ್ ೨೦೨೪

ಪ್ರೀತಿಯ ಶಶಿಕಾಂತ,

ಕೆಮ್ಮು ಕಡಿಮೆಯಾಯಿತೇ? ನಾಗಾಲ್ಯಾಂಡಿನ ಚಳಿಗೆ ಸೂಡಿಯ ಮೈ ಒಗ್ಗುವುದಿಲ್ಲ, ಕಿವಿಗೆ ಬಟ್ಟೆ ಕಟ್ಟಿಕೋ ಎಂದು ನೀನು ಆ ಶಾಲೆಗೆ ಹೋದಾಗಿನಿಂದ ಹೇಳುತ್ತಿದ್ದೇನೆ. ಕಟ್ಟಿಕೊಂಡರೆ ಮಕ್ಕಳು ನಗುತ್ತಾರಂತೆ. ನಗಲಿ ಬಿಡು, ಮಾಸ್ತರರನ್ನು ನೋಡಿ ನಗದ ಮಕ್ಕಳು ಎಲ್ಲಿದ್ದಾರೆ? ನಾವಿಲ್ಲಿ ಆರಾಮ. ನಿನ್ನಪ್ಪನ ಮೊಣಕಾಲು ಮಾತ್ರ ನಾನು ಕೆಲಸ ಹೇಳಿದಾಗಲೇ ನೋಯುತ್ತದೆ. ಹಿಂಗಾರಿ ಜೋಳ ಚೆನ್ನಾಗಿ ಎದ್ದಿದೆ. ಫೋನ್ ಬಿಟ್ಟು ಪತ್ರವೇಕೆ ಎನ್ನಬೇಡ, ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ. ಇದನ್ನು ಅರೆನ್ಲಾಳ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ನಿನ್ನ ಹೆಂಡತಿ ನಮ್ಮ ಮಾತು ಕಲಿತಿದ್ದಾಳೆ, ಅಕ್ಷರ ಕಲಿತಿಲ್ಲ. ಆದ್ದರಿಂದ ನೀನೇ ಗಟ್ಟಿಯಾಗಿ ಓದಿ ಹೇಳು. ನಿನ್ನನ್ನು ಬೈದ ಸಾಲುಗಳನ್ನು ಹಾರಿಸಬೇಡ.

ನಿನಗೆ ರಜೆ ಸಿಗಲಿಲ್ಲವೆಂದು ಅವಳೊಬ್ಬಳೇ ಬರುತ್ತಾಳೆಂದಾಗ ನನ್ನ ಜೀವ ಅರ್ಧವಾಗಿತ್ತು. ಮದುವೆಗೂ ನಿನ್ನಪ್ಪ ಒಬ್ಬರೇ ಬಂದಿದ್ದರು, ನಾನು ಸೊಸೆಯ ಮುಖ ಕಂಡಿದ್ದು ಫೋನಿನಲ್ಲಿ. ಗಜೇಂದ್ರಗಡದ ಬಸ್ಸಿನಿಂದ ಇಳಿದವಳೇ ಚೀಲ ಕೆಳಗಿಟ್ಟು ನನ್ನ ಕಾಲು ಮುಟ್ಟಿ, "ಅತ್ತಿ, ಆರಾಮ ಅದೀರಿ?" ಅಂದಳು. ಬಸ್ ನಿಲ್ದಾಣದ ಮಂದಿ ಎಲ್ಲ ತಿರುಗಿ ನೋಡಿದರು. ನಮ್ಮ ನಾಯಿ ಮೋತ್ಯಾ ಮೂರು ದಿನ ಅವಳನ್ನು ಕಂಡು ಬೊಗಳಿದ. ಅದಕ್ಕೂ ಓಣಿಯವರು ಅರ್ಥ ಹಚ್ಚಿದರು, ನಾಯಿಗೆ ಗೊತ್ತಾಗುತ್ತದೆ ಎಂದು! ಏನು ಗೊತ್ತಾಗುತ್ತದೆ? ಆ ನಾಯಿ ಹುಟ್ಟಿದಾಗಿನಿಂದ ನೋಡುತ್ತಿರುವ ನಿನ್ನಪ್ಪ ಟೋಪಿ ಹಾಕಿಕೊಂಡರೆ ಅವರನ್ನು ಕಂಡೂ ಬೊಗಳುತ್ತದೆ. ಬೆಳಿಗ್ಗೆ ನಾನು ಮೊದಲ ರೊಟ್ಟಿಯನ್ನು ನಾಯಿಗೆ ಹಾಕುವುದನ್ನು ಅವಳು ನೋಡಿಕೊಂಡಳು, ನಾಲ್ಕನೆಯ ದಿನ ತಾನೇ ಹಾಕಿದಳು. ಬೊಗಳುವುದು ನಿಂತಿತು.

ಭಾನುವಾರ ನಮ್ಮ ಮನೆಯಲ್ಲಿ ಮೈಲಾರಲಿಂಗನ ದೋಣಿ ತುಂಬಿಸುವುದಿತ್ತು. ನೀನು ಅವಳಿಗೆ ಏನೂ ಹೇಳದೇ ಕಳಿಸಿದ್ದೀ, ನಾನೇ ಕೂರಿಸಿಕೊಂಡು ಹೇಳಬೇಕಾಯಿತು. ಮೈಲಾರನ ಸೇವೆಗೆ ನಿಂತ ವಗ್ಗಯ್ಯ ಕರಿ ಕಂಬಳಿ ಹೊದ್ದು ಬರುತ್ತಾನೆ, ಹಣೆ ತುಂಬ ಭಂಡಾರದ ಅರಿಶಿನ ಹಚ್ಚಿಕೊಂಡ ಮೇಲೆ ಅವನು ಮನುಷ್ಯನಲ್ಲ, ದೇವರ ನಾಯಿ. ದೋಣಿ ಎಂದರೆ ಹೊಳೆ ದಾಟುವುದಲ್ಲ, ಅವನು ಭಿಕ್ಷೆ ಬೇಡುವ ಪಾತ್ರೆ. ಅದಕ್ಕೆ ಹಾಲು, ಹೋಳಿಗೆ, ಬಾಳೆಹಣ್ಣು ಹಾಕಿದರೆ ಅವನು ಬೊಗಳುತ್ತ ಬಾಯಿ ಹಾಕಿ ತಿನ್ನುತ್ತಾನೆ. ದೋಣಿ ಬರಿದಾಗುವ ತನಕ ಅವನ ಬಾಯಿಂದ ಮನುಷ್ಯರ ಮಾತು ಬರುವಂತಿಲ್ಲ. ಮನೆಗೆ ಹೊಸದಾಗಿ ಬಂದ ಸೊಸೆಯೇ ಮೊದಲು ಹಾಲು ಎರೆಯಬೇಕು. ಎರೆದಳೆಂದರೆ ಅವಳು ಈ ಮನೆಯವಳು, ಆಮೇಲೆ ಯಾರೂ ಒಂದು ಮಾತು ಆಡುವಂತಿಲ್ಲ. ಕೊನೆಗೆ, ಭಂಡಾರ ಹಚ್ಚಿಕೊಂಡ ಮೇಲೆ ಸುಳ್ಳು ಹೇಳಬಾರದು ಎಂದೂ ಹೇಳಿದೆ. ಅವಳು ಎಲ್ಲ ಕೇಳಿ, ತಾನು ಚರ್ಚಿಗೆ ಹೋಗುವವಳು, ಹಣೆಗೆ ಬೇಡ, ಅಂಗೈಗೆ ಹಚ್ಚಬಹುದೇ ಎಂದಳು. ಕೆಲಸ ಮಾಡುವುದು ಅಂಗೈಯೇ ಅಲ್ಲವೇ, ಹಚ್ಚಿದೆ.

ಹಿಂದಿನ ದಿನ ನೀನು ಫೋನಿನಲ್ಲಿ ಹೇಳಿದ್ದು ನೆನಪಿದೆಯೇ? "ಅವ್ವಾ, ಯಾರರೆ ಕೇಳಿದ್ರ ನಮ್ಮ ಕಡೆ ಅದನ್ನ ತಿನ್ನಂಗಿಲ್ಲ ಅಂತ ಹೇಳಾಕ ಆಕಿಗೆ ಹೇಳೇನಿ, ನೀನೂ ಹಂಗs ಹೇಳು." ಕೇಳುವವರು ಯಾರೆಂದು ನನಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು. ಜಕ್ಕಲಿಯಿಂದ ನಿನ್ನ ಸೋದರತ್ತೆ ಬಾಳವ್ವ ಬಂದರು. ಗೋಣೆಪ್ಪ ವಗ್ಗಯ್ಯ ಭಂಡಾರ ಹಚ್ಚಿಕೊಂಡು ಕಂಬಳಿಯ ಮೇಲೆ ಕುಳಿತಿದ್ದ, ಮುಂದೆ ದೋಣಿ, ಅರೆನ್ಲಾಳ ಕೈಯಲ್ಲಿ ಹಾಲಿನ ತಂಬಿಗೆ. ಆ ಹೊತ್ತಿಗೇ ಬಾಳವ್ವ ಪಡಸಾಲೆಯ ಮಂದಿಗೆಲ್ಲ ಕೇಳುವಂತೆ, "ಅಲ್ಲ ಯವ್ವಾ, ನಿಮ್ಮ ಕಡೆ ನಾಯಿ ತಿಂತಾರಂತಲ್ಲ, ಖರೇ ಏನ?" ಎಂದರು. ನಿನ್ನಪ್ಪ ನೆಲದ ಮೇಲೆ ಪೇಪರ್ ಹಾಸಿದೆಯೇನೋ ಎನ್ನುವ ಹಾಗೆ ನೆಲ ನೋಡತೊಡಗಿದರು. ನಾನು 'ಇಲ್ಲ' ಎನ್ನಲು ಬಾಯಿ ತೆರೆದಿದ್ದೆ, ಸುಳ್ಳೇಕೆ ಹೇಳಲಿ.

ಅವಳು ಒಮ್ಮೆ ಅಂಗೈಯ ಅರಿಶಿನ ನೋಡಿಕೊಂಡಳು. ಆಮೇಲೆ, "ಖರೇರಿ. ಎಲ್ಲಾರೂ ತಿನ್ನಂಗಿಲ್ಲ. ನಮ್ಮ ಅಜ್ಜ ತಿಂತಾನ. ನಾ ಸಣ್ಣಾಕಿ ಇದ್ದಾಗ ಜ್ವರ ಬಂದು ಭಾಳ ಸೊರಗಿದ್ದೆ. ಅಜ್ಜ ಅದರ ಸಾರು ಮಾಡಿ ಕುಡಿಸಿದ, ಕುಡದೇನಿ. ಬ್ಯಾಟಿಗೆ ಅಜ್ಜನ ಜೋಡಿ ಹೋಗೂ ನಾಯಿ ಒಂದಿತ್ತು. ಅದು ಸತ್ತಾಗ ಅಜ್ಜ ತನ್ನ ಶಾಲು ಹೊದಿಸಿ ಹೂಳಿದ, ಎರಡು ದಿನಾ ಉಣ್ಣಲಿಲ್ಲ. ಎರಡೂ ಖರೇರಿ," ಎಂದಳು. ದನಿ ಏರಲಿಲ್ಲ, ತಲೆ ಇಳಿಯಲಿಲ್ಲ.

ನನಗೆ ಅಸಹ್ಯವಾಯಿತು ಶಶಿ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಗೆ ಮೊಟ್ಟೆಯ ಸಿಪ್ಪೆಯೂ ಬಂದದ್ದಿಲ್ಲ. ಆದರೆ ಆ ಅಸಹ್ಯದ ಜೊತೆಗೇ ಹೆಮ್ಮೆಯೂ ಉಕ್ಕಿತು. ಅಷ್ಟು ಮಂದಿಯ ನಡುವೆ, ಗಂಡ ಹೇಳಿಕೊಟ್ಟ ಸುಳ್ಳು ನಾಲಿಗೆಯ ತುದಿಯಲ್ಲಿದ್ದಾಗ, ಅತ್ತೆ ಹೇಳಿದ ಮಾತನ್ನು ಅವಳು ಖರೇ ಎಂದು ನಂಬಿದ್ದಳು. ಭಂಡಾರವನ್ನು ನಾವು ಹುಟ್ಟಿದಾಗಿನಿಂದ ಹಚ್ಚಿಕೊಳ್ಳುತ್ತೇವೆ, ನಮ್ಮಲ್ಲಿ ಎಷ್ಟು ಜನ ಅಷ್ಟು ನಂಬಿದ್ದೇವೆ?

ಬಾಳವ್ವ ಎದ್ದು ನಿಂತರು. "ಈ ಕೈಲೆ ದೇವರ ನಾಯಿಗೆ ಹಾಲ ಹಾಕಸ್ತೀರೇನು? ಗೋಣೆಪ್ಪಾ, ನೀನs ಹೇಳು, ನಡಿತೈತೇನು?" ಅರೆನ್ಲಾ ತಂಬಿಗೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ನಾನು ಹೋಗಿ ಅವಳ ಪಕ್ಕ ನಿಂತೆ. "ಬಾಳವ್ವಕ್ಕಾ, ಆಕಿ ಸುಳ್ಳ ಹೇಳಿದ್ರ ನಾನs ಬ್ಯಾಡ ಅಂತಿದ್ದೆ," ಎಂದೆ. ಗೋಣೆಪ್ಪನಿಗೆ ಮಾತಾಡುವಂತಿಲ್ಲವಲ್ಲ, ಅವನು ಬಾಳವ್ವನನ್ನು ನೋಡಿದ, ಸೊಸೆಯನ್ನು ನೋಡಿದ. ಎರಡೂ ಕೈ ನೆಲಕ್ಕೂರಿ ಗದ್ದವನ್ನು ದೋಣಿಯ ಅಂಚಿಗೆ ತಂದ. ಅವಳ ಕಡೆ ಮುಖವೆತ್ತಿ ಮನೆ ನಡುಗುವ ಹಾಗೆ ಬೊಗಳಿದ. ಹಸಿದ ನಾಯಿ ಬೊಗಳುವ ಹಾಗೆ, ಲಗೂ ಹಾಕು ಎನ್ನುವ ಹಾಗೆ! ಹೊರಗಿನಿಂದ ಮೋತ್ಯಾನೂ ದನಿಗೂಡಿಸಿದ. ಯಾರೋ ನಕ್ಕರು, ಯಾರೋ "ಏಳು ಕೋಟಿ ಏಳು ಕೋಟಿಗೋ" ಎಂದು ಮೈಲಾರನ ಜಯಕಾರ ಕೂಗಿದರು, ಎಲ್ಲರೂ ದನಿಗೂಡಿಸಿದರು. ಅವಳು ಎರೆದಳು, ಒಂದು ಹನಿ ಹೊರಗೆ ಬೀಳಲಿಲ್ಲ. ನಾಯಿ ಬೊಗಳಿದರೆ ದೇವಲೋಕ ಹಾಳೇ ಎನ್ನುತ್ತಾರೆ, ಅವತ್ತು ನಾಯಿ ಬೊಗಳಿ ನಮ್ಮ ಮನೆ ಉಳಿಯಿತು.

ದೋಣಿಯ ಪ್ರಸಾದವನ್ನು ಬೇಡ ಎನ್ನುವಂತಿಲ್ಲವೆಂದು ಬಾಳವ್ವನೂ ಕೈಯೊಡ್ಡಿದರು. ಇಟ್ಟವಳು ಅರೆನ್ಲಾನೇ. ತಿಂದರು, ಸಂಜೆಯ ಬಸ್ಸಿಗೆ ಹೊರಟರು. ಇನ್ನೂ ಕೋಪ ಇಳಿದಿಲ್ಲ, ಇಳಿಯಲು ಯುಗಾದಿಯಾದೀತು. ನಿನ್ನಪ್ಪ ಮಾತ್ರ ಈಗ ಕಟ್ಟೆಯಲ್ಲಿ ಕುಳಿತು, "ನಮ್ಮ ಸೊಸಿ ಖರೇ ಮಾತಿನಾಕಿ" ಎಂದು ತಾವೇ ಹೇಳಿಕೊಟ್ಟವರ ಹಾಗೆ ಮೀಸೆ ತಿರುವುತ್ತಾರೆ.

ಪಕ್ಕದ ಮನೆಯ ಲಾಲಬಿ ಸುದ್ದಿ ಕೇಳಿ ಬಂದಳು. ಅರೆನ್ಲಾಳ ಕೈ ಹಿಡಿದು ಕುಳಿತು ನನಗೆ ಹೇಳಿದಳು, "ಅಕ್ಕಾ, ನಮ್ಮನ್ನೂ ಮಂದಿ ಹಿಂಗs ಕೇಳ್ತಾರ. ಮೊದಲ ಏನ ತಿಂತೀರಿ ಅಂತ ಕೇಳ್ತಾರ, ಹೆಸರು ಆಮ್ಯಾಲ." ಇಷ್ಟು ವರ್ಷ ಒಂದೇ ಗೋಡೆಯ ಆಚೆ ಈಚೆ ಇದ್ದು ಈ ಮಾತನ್ನು ಅವಳು ನನ್ನ ಮುಂದೆ ಆಡಿದ್ದು ಅವತ್ತೇ. ಆಮೇಲೆ ಮೂವರೂ ಚಹಾ ಕುಡಿದೆವು.

ಸೊಸೆಯ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಇದೆ. ರೊಟ್ಟಿ ಅವಳೇ ಬಡಿದದ್ದು, ದುಂಡಗಿಲ್ಲ, ಬಾಯಿ ಮುಚ್ಚಿಕೊಂಡು ತಿನ್ನು. ಅವಳ ತಂದೆ ತಾಯಿಗೆ ನಮ್ಮ ಶರಣು ತಿಳಿಸು. ಮಗಳನ್ನು ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ ಎಂದು ನಾನು ಅಂದೆನೆಂದು ಹೇಳು. ಇಬ್ಬರೂ ತಣ್ಣಗಿರಿ, ಮೈಲಾರ ನಿಮ್ಮ ಬೆನ್ನಿಗಿರಲಿ.

ನಿನ್ನ ಅವ್ವ,
ಸುವರ್ಣಾ

ಆಟೊ ಬಂದು ನಿಂತಿದೆ, ನಿನ್ನಪ್ಪ ಕೂಗುತ್ತಿದ್ದಾರೆ, ಆದರೂ ಮರೆತಿದ್ದ ಒಂದು ಮಾತು ಬರೆದೇ ಬಿಡುತ್ತೇನೆ. ನಿನ್ನೆ ರೊಟ್ಟಿ ಬಡಿಯುತ್ತ ಅವಳ ಬಾಯಿಂದ ಒಂದು ಮಾತು ಜಾರಿತು. ನೀನು ಮಾವನ ಮನೆಗೆ ಹೋದಾಗಲೆಲ್ಲ ನಿನಗೆ ವಾಸನೆ ಆಗಬಾರದೆಂದು ಆ ಮುದುಕ ಅಜ್ಜ ತನ್ನ ತಟ್ಟೆ ಎತ್ತಿಕೊಂಡು ಪಕ್ಕದ ಮನೆಗೆ ಹೋಗಿ ಉಣ್ಣುತ್ತಾನಂತೆ. ನೀನು ಸುಮ್ಮನೆ ನೋಡುತ್ತ ಕುಳಿತಿದ್ದೀಯಾ? ಕ್ರಿಸ್‌ಮಸ್‌ಗೆ ನಾನು ಬರುತ್ತಿದ್ದೇನೆ, ಟಿಕೆಟ್ ತೆಗೆಸು. ನನ್ನ ರೊಟ್ಟಿ ನಾನು ಕಟ್ಟಿಕೊಂಡು ಬರುತ್ತೇನೆ, ಅವರು ತಮ್ಮದನ್ನು ತಾವು ಉಣ್ಣಲಿ, ಆದರೆ ನನ್ನ ಸಲುವಾಗಿ ಆ ಹಿರಿಯ ತನ್ನ ಒಲೆಯ ಮುಂದಿನಿಂದ ಏಳಬಾರದು. ಅವನ ಪಕ್ಕದಲ್ಲೇ ಕೂರುತ್ತೇನೆ. ಅವನು ಏನು ತಿನ್ನುತ್ತಾನೆಂದು ಈಗ ಸೂಡಿಗೆಲ್ಲ ಗೊತ್ತಾಗಿದೆ. ಅವನ ಹೆಸರೇನು ಶಶಿ? ಅದನ್ನು ನಾನೂ ಕೇಳಲಿಲ್ಲ.